ನಕ್ಷೆ ನೋಡಿ ತೂಗುಕುದುರೆ ಮಾಡುವುದು: ಮರಕ್ಕೆ ಗರಗಸ ಹಾಕುವ ಮುನ್ನ

"ತೂಗುಕುದುರೆಯ ನಕ್ಷೆ ಸಿಕ್ಕಿದೆ, ಯಾವ ಮರ ತರಲಿ?" "ಅಳತೆಯೆಲ್ಲ ಇಂಚಿನಲ್ಲಿದೆ, ಸಾಮಿಲ್‌ನಲ್ಲಿ ಏನಂತ ಕೇಳಲಿ?" "ಎಲ್ಲ ಮಾಡಿ ಮುಗಿಸಿದೆ, ಆದರೆ ಕುದುರೆ ಮೂಗು ತಗ್ಗಿಸಿಕೊಂಡೇ ನಿಲ್ಲುತ್ತದೆ, ಈಗೇನು ಮಾಡಲಿ?" ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿವು. ಮೂರನೆಯದಕ್ಕೆ ಉತ್ತರ ಕೊಡುವುದೇ ಕಷ್ಟ, ಏಕೆಂದರೆ ಅಷ್ಟರಲ್ಲಿ ಅಂಟು ಒಣಗಿರುತ್ತದೆ. ಹಾಗಾಗಿ ಮೊದಲಿನಿಂದಲೇ ಹೇಳಿಬಿಡುತ್ತೇನೆ.

ಹೆಚ್ಚಿನವರು ಕುದುರೆಯ ಮುಖದಿಂದ ಶುರು ಮಾಡುತ್ತಾರೆ. ಚೆಂದ ಕಾಣುವುದು ಅದೇ ತಾನೇ. ಆದರೆ ಮುಖ ಸೊಟ್ಟಗಾದರೆ ಮಗು ಅಳುವುದಿಲ್ಲ; ಕೆಳಗಿನ ಬಾಗಿದ ಪಟ್ಟಿ ತಪ್ಪಾದರೆ ಬಿದ್ದು ಅಳುತ್ತದೆ. ನೆಲಕ್ಕೆ ತಾಗುವ ಈ ಎರಡು ಪಟ್ಟಿಗಳನ್ನು ನಕ್ಷೆಗಳಲ್ಲಿ ರಾಕರ್ ಎಂದು ಬರೆದಿರುತ್ತಾರೆ. ಇಲ್ಲಿ ತೂಗುಪಟ್ಟಿ ಎನ್ನೋಣ. ನಿಮ್ಮ ಗಮನದ ಅರ್ಧಪಾಲು ಅದಕ್ಕೇ ಮೀಸಲಿರಲಿ.

ಬೇಕಾಗುವ ಸಾಮಾನು

ಜಿಗ್‌ಸಾ (ಬಾಗಿದ ಗೆರೆ ಕೊಯ್ಯುವ ಕೈಯಂತ್ರ, ಕೆಲವೆಡೆ ದಿನದ ಬಾಡಿಗೆಗೂ ಸಿಗುತ್ತದೆ), ಡ್ರಿಲ್, 25 ಮಿ.ಮೀ. ಚಪ್ಪಟೆ ಬಿಟ್, ಕನಿಷ್ಠ ನಾಲ್ಕು ಕ್ಲ್ಯಾಂಪ್, ಮೂಲೆಮಟ್ಟ, ಮರದ ಅರ, ಒಂದು ಉಳಿ, 80, 120 ಮತ್ತು 220 ನಂಬರಿನ ಉಪ್ಪುಕಾಗದ. ಧೂಳಿಗೆ ಮಾಸ್ಕ್, ಕಣ್ಣಿಗೆ ಕನ್ನಡಕ. ಕ್ಲ್ಯಾಂಪ್ ಇಲ್ಲದಿದ್ದರೆ ಹಗ್ಗ ಬಿಗಿದು ಸುಧಾರಿಸಬಹುದು ಎಂದು ಕೆಲವರು ಹೇಳುತ್ತಾರೆ. ಈ ಕೆಲಸಕ್ಕೆ ಅದು ಬೇಡ, ಪರಿಚಯದ ಆಚಾರಿಗಳ ಹತ್ತಿರ ಎರಡು ದಿನಕ್ಕೆ ಕೇಳಿ ತನ್ನಿ.

1. ನಕ್ಷೆ ಆರಿಸುವುದು

ನಕ್ಷೆಗಳಲ್ಲಿ ಮುಖ್ಯವಾಗಿ ಎರಡು ಜಾತಿ. ಒಂದು, ಮರದ ದಿಮ್ಮಿಗಳನ್ನು ಅಂಟಿಸಿ ಪೂರ್ತಿ ಮೈ ಕೆತ್ತುವ ಇಂಗ್ಲಿಷ್ ಮಾದರಿಯ ಕುದುರೆ: ಗಾಜಿನ ಕಣ್ಣು, ನಿಜವಾದ ಕೂದಲಿನ ಬಾಲ, ಬೂದುಬಣ್ಣದ ಮೈಮೇಲೆ ಚುಕ್ಕೆ. ಇಂಥವು ಎಷ್ಟೋ ಸಲ ತೂಗುಪಟ್ಟಿಯ ಮೇಲಿರುವುದಿಲ್ಲ, ಕದಲದ ಸ್ಟ್ಯಾಂಡಿಗೆ ಕಬ್ಬಿಣದ ಸರಳಿನಿಂದ ನೇತಾಡುತ್ತವೆ. ಆ ಸ್ಟ್ಯಾಂಡಿಗೆ ಅಮೆರಿಕದ ಸಿನ್ಸಿನಾಟಿಯ ಮಾರ್ಕ್ವಾ ಎಂಬಾತ 1880ರಲ್ಲಿ ಪೇಟೆಂಟ್ ಪಡೆದ. ನೋಡಲು ಅದ್ಭುತ, ಆದರೆ ಮೊದಲ ಸಲಕ್ಕೆ ಅದರ ಗೊಡವೆ ಬೇಡ.

ಎರಡನೆಯದು, ಹಲಗೆಗಳನ್ನು ಆಕಾರಕ್ಕೆ ಕೊಯ್ದು ಜೋಡಿಸುವ ಚಪ್ಪಟೆ ಕುದುರೆ. ಈ ಲೇಖನ ಅದರ ಬಗ್ಗೆ. ಒಂದೂವರೆಯಿಂದ ಮೂರೂವರೆ ವರ್ಷದ ಮಗುವಿಗೆ.

ನಕ್ಷೆಯಲ್ಲಿ ಮೂರು ಸಂಗತಿ ಇದೆಯೇ ನೋಡಿಕೊಳ್ಳಿ: ತೂಗುಪಟ್ಟಿಯ ತ್ರಿಜ್ಯ (ಆ ಬಾಗು ಎಷ್ಟು ದೊಡ್ಡ ವೃತ್ತದ ತುಂಡು ಎಂಬುದು), ನೆಲದಿಂದ ಸೀಟಿನ ಎತ್ತರ, ಎರಡು ಪಟ್ಟಿಗಳ ನಡುವಿನ ಅಗಲ. ಈ ಮೂರೂ ಇಲ್ಲದೆ ಬರೀ ಚೆಂದದ ಫೋಟೊ ಇರುವ ನಕ್ಷೆಗೆ ದುಡ್ಡು ಕೊಡಬೇಡಿ.

2. ನಕ್ಷೆಯನ್ನು ನಮ್ಮ ಅಳತೆಗೆ ತರುವುದು

ಇಂಚನ್ನು 25.4ರಿಂದ ಗುಣಿಸಿದರೆ ಮಿಲಿಮೀಟರ್. ತೊಡಕು ಗುಣಾಕಾರದಲ್ಲಿಲ್ಲ, ಮರದ ಹೆಸರಿನಲ್ಲಿದೆ. ಅಮೆರಿಕದ ನಕ್ಷೆಯಲ್ಲಿ "2 ಬೈ 4" ಎಂದಿದ್ದರೆ ಅದು 2 ಇಂಚು, 4 ಇಂಚು ಎಂದರ್ಥವಲ್ಲ. ಅದು ಒರಟು ಮರದ ಹೆಸರು ಮಾತ್ರ. ಒಣಗಿಸಿ, ತೋಪಡ ಹೊಡೆದು (ಮೇಲ್ಮೈ ಹೆರೆದು ನಯಮಾಡಿ) ಅಂಗಡಿಗೆ ಬರುವಾಗ ಅದರ ನಿಜವಾದ ಅಳತೆ ಒಂದೂವರೆ ಇಂಚು, ಮೂರೂವರೆ ಇಂಚು, ಅಂದರೆ 38 ಮತ್ತು 89 ಮಿ.ಮೀ. ಹಾಗೆಯೇ "1 ಬೈ 6" ಎಂದರೆ 19 ಮತ್ತು 140 ಮಿ.ಮೀ. ಇದು ಗೊತ್ತಿಲ್ಲದೆ ಸಾಮಿಲ್‌ನಲ್ಲಿ 2 ಇಂಚಿನ ಮರ ಕೊಯ್ಯಿಸಿ ತಂದರೆ ಎರಡು ತೊಂದರೆ: ಹಲಗೆ ಕೂರಿಸಲು ನಕ್ಷೆಯಲ್ಲಿ ತೋರಿಸಿದ ಕಚ್ಚಿಗೆ ಹಲಗೆ ಕೂರುವುದಿಲ್ಲ, ಕುದುರೆ ಎತ್ತಲಾಗದಷ್ಟು ಭಾರವಾಗುತ್ತದೆ. ಹಲಗೆ ಆರಿಸಿ ತಂದು, ಅದರ ದಪ್ಪವನ್ನು ಸ್ವತಃ ಅಳೆದು, ಆಮೇಲೆ ನಕ್ಷೆಯ ಮೇಲೆ ಪೆನ್ಸಿಲಿನಲ್ಲಿ ಹೊಸ ಅಳತೆ ಬರೆದುಕೊಳ್ಳಿ. ಹಲಗೆ ಸೇರುವ ಪ್ರತಿ ಜಾಗದಲ್ಲೂ ಬರೆಯಿರಿ, ಬಾಯಿಲೆಕ್ಕ ಬೇಡ.

ಮುದ್ರಣದಲ್ಲಿ ಇನ್ನೊಂದು ಗುಂಡಿ. ಅಲ್ಲಿನ ನಕ್ಷೆಗಳು ಲೆಟರ್ ಎಂಬ ಕಾಗದದ ಅಳತೆಗೆ ಮಾಡಿದವು: 216 ಮಿ.ಮೀ. ಅಗಲ. ನಮ್ಮ ಎ4 ಕಾಗದ 210 ಮಿ.ಮೀ. ಪ್ರಿಂಟರಿಗೆ "ಪುಟಕ್ಕೆ ಹೊಂದಿಸು" ಎಂದು ಬಿಟ್ಟರೆ ಅದು ಸದ್ದಿಲ್ಲದೆ ಚಿತ್ರವನ್ನು ಶೇ 3ರಷ್ಟು ಕುಗ್ಗಿಸುತ್ತದೆ. 80 ಸೆಂ.ಮೀ. ಪಟ್ಟಿ 77–78ಕ್ಕೆ ಇಳಿಯುತ್ತದೆ, 25 ಮಿ.ಮೀ. ಕೋಲಿನ ತೂತಿನಲ್ಲಿ ಕೋಲು ಹಿಡಿಸುವುದಿಲ್ಲ. ಅಳತೆ ಶೇ 100 ಎಂದೇ ಇಟ್ಟು ಮುದ್ರಿಸಿ. ಒಳ್ಳೆಯ ನಕ್ಷೆಯ ಮೂಲೆಯಲ್ಲಿ ಒಂದು ಇಂಚಿನ ಚೌಕ ಇರುತ್ತದೆ. ಸ್ಕೇಲ್ ಇಟ್ಟು ನೋಡಿ, 25.4 ಮಿ.ಮೀ. ಬಂದರೆ ಮಾತ್ರ ಮುಂದುವರಿಯಿರಿ. ಕಟ್ಟಡದ ನಕ್ಷೆ ತೆಗೆಯುವ ಪ್ಲಾಟರ್ ಅಂಗಡಿಯಲ್ಲಿ ಒಂದೇ ದೊಡ್ಡ ಹಾಳೆಯಲ್ಲಿ ತೆಗೆಸಿದರೆ ಪುಟಪುಟ ಅಂಟಿಸುವ ಗೋಳೂ ಇಲ್ಲ.

ಕೊನೆಗೆ ಮಗುವಿನ ಅಳತೆ. ಬರಿಗಾಲಿನಲ್ಲಿ ಗೋಡೆಗೆ ಒರಗಿಸಿ ನಿಲ್ಲಿಸಿ, ಕಾಲುಗಳ ನಡುವೆ ಒಂದು ತೆಳ್ಳನೆಯ ಪುಸ್ತಕ ಮೇಲಕ್ಕೆ ತಾಗಿಸಿ ಹಿಡಿದು, ನೆಲದಿಂದ ಅಲ್ಲಿಗೆ ಎಷ್ಟು ಎಂದು ನೋಡಿ. ಸೀಟು ಅದಕ್ಕಿಂತ 2–3 ಸೆಂ.ಮೀ. ತಗ್ಗಿನಲ್ಲಿರಬೇಕು. ಎರಡು ವರ್ಷದ ಆಸುಪಾಸಿನ ಮಕ್ಕಳಿಗೆ 25ರಿಂದ 30 ಸೆಂ.ಮೀ. ಸಾಮಾನ್ಯವಾಗಿ ಸರಿಹೋಗುತ್ತದೆ. "ಬೆಳೀತಾನೆ ಬಿಡಿ" ಎಂದು ದೊಡ್ಡದು ಮಾಡಬೇಡಿ. ಕಾಲು ನೆಲಕ್ಕೆ ಎಟುಕದ ಮಗು ತಾನಾಗಿ ಇಳಿಯಲಾರದು.

3. ಮರ

ಎಲ್ಲರೂ ತೇಗ ಎನ್ನುತ್ತಾರೆ. ಒಳ್ಳೆಯದೇ, ದುಬಾರಿ ಅಷ್ಟೆ. ಹಳೆಯ ಬಾಗಿಲು, ಮಂಚದ ತೇಗ ಸಿಕ್ಕರೆ ಅದಕ್ಕಿಂತ ಒಳ್ಳೆಯದು ಬೇರಿಲ್ಲ, ಒಣಗಿ ಒಣಗಿ ಸ್ಥಿರವಾಗಿರುತ್ತದೆ. ಮುರಿದ ಮೊಳೆ ಒಳಗುಳಿದಿದೆಯೇ ಎಂದು ಆಯಸ್ಕಾಂತ ಆಡಿಸಿ ನೋಡಿ. ಹಳೆ ಬಣ್ಣವಿದ್ದರೆ ಉಜ್ಜಿ ಧೂಳೆಬ್ಬಿಸಬೇಡಿ, ಅದರಲ್ಲಿ ಸೀಸ ಇರಬಹುದು.

ರಬ್ಬರ್ ಮರದ ಜೋಡುಹಲಗೆ (ಸಣ್ಣ ತುಂಡುಗಳನ್ನು ಬೆರಳು ಹೆಣೆದಂತೆ ಸೇರಿಸಿದ್ದು) 18 ಮಿ.ಮೀ. ದಪ್ಪದಲ್ಲಿ ಸಿಗುತ್ತದೆ, ಚೂಪು ಸಿಬಿರೇಳುವುದು ಕಡಿಮೆ. ಚನ್ನಪಟ್ಟಣದ ಬೊಂಬೆಗಳಿಗೆ ಬಳಸುವ ಆಲೆ ಮರ ಬಿಳಿಯದು, ಹಗುರ, ನುಣುಪು. ಆದರೆ ಅಗಲವಾದ ಹಲಗೆ ಸಿಗುವುದು ಕಷ್ಟ. ಹಿಡಿಕೆಯನ್ನೋ ಕಾಲಿಡುವ ಕೋಲನ್ನೋ ಅದರಲ್ಲಿ ಕಡೆಸಿಕೊಂಡರೆ ಸೊಗಸು.

ಬೆಂಗಳೂರಿನಲ್ಲಿ ಪೈನ್ ಪೆಟ್ಟಿಗೆಯ ಮರ ಅಗ್ಗಕ್ಕೆ ಸಿಗುತ್ತದೆಂದು ಅನೇಕರು ಅದನ್ನೇ ತರುತ್ತಾರೆ. ಅದರ ಮೇಲಿನ ಮುದ್ರೆ ಓದಿ. "ಎಚ್‌ಟಿ" ಎಂದಿದ್ದರೆ ಬಿಸಿಮಾಡಿ ಹುಳ ಕೊಂದದ್ದು, ಬಳಸಬಹುದು. "ಎಂಬಿ" ಎಂದಿದ್ದರೆ ಮೀಥೈಲ್ ಬ್ರೋಮೈಡ್ ಎಂಬ ವಿಷಾನಿಲ ಹಾಯಿಸಿದ್ದು, ಆಟಿಕೆಗೆ ಬೇಡ. ಮುದ್ರೆಯೇ ಇಲ್ಲದ್ದನ್ನೂ ಬಿಡಿ.

ಹೊನ್ನೆ ಗಟ್ಟಿಮರ, ಆದರೆ ಒದ್ದೆಯಾದರೆ ಬಣ್ಣ ಬಿಡುತ್ತದೆ. ಮಗುವಿನ ಚಡ್ಡಿ ಯಾವಾಗ ಒದ್ದೆಯಾಗುತ್ತದೆಂದು ಹೇಳಲಾದೀತೇ? ಬೀಟೆಯ ಧೂಳು ಕೆಲವರ ಚರ್ಮಕ್ಕೆ, ಉಸಿರಿಗೆ ಆಗಿಬರುವುದಿಲ್ಲ. ತೋಟದಲ್ಲಿ ಬಿದ್ದ ಬೀಟೆ, ತೇಗವನ್ನು ಕೊಯ್ಯಿಸುವ ಮೊದಲು ಅರಣ್ಯ ಇಲಾಖೆಯ ಅನುಮತಿ ವಿಚಾರಿಸಿಕೊಳ್ಳಿ.

ಹಸಿ ಮರ ಯಾವುದೇ ಆದರೂ ಬೇಡ. ಸಾಮಿಲ್‌ನಿಂದ ತಂದ ಹಲಗೆಗಳ ನಡುವೆ ಬೆರಳು ದಪ್ಪದ ಕಡ್ಡಿಗಳನ್ನಿಟ್ಟು ಪೇರಿಸಿ, ಮನೆಯೊಳಗೆ ಕೆಲವು ವಾರ ಬಿಡಿ. ಮಳೆಗಾಲದಲ್ಲಿ ಇನ್ನೂ ತಡವಾಗುತ್ತದೆ. ಮಲೆನಾಡು, ಕರಾವಳಿಯವರು ಈ ಕೆಲಸವನ್ನು ದೀಪಾವಳಿಯ ನಂತರ ಇಟ್ಟುಕೊಂಡರೆ ಕ್ಷೇಮ.

ತೂಗುಪಟ್ಟಿಗೆ ಮಾತ್ರ ಒಳ್ಳೆಯ ಪ್ಲೈವುಡ್ ಬಳಸಿ ಎಂಬುದು ನನ್ನ ಸಲಹೆ. ಕಾರಣ ಐದನೆಯ ಹಂತದಲ್ಲಿದೆ. "ಐಎಸ್ 710" ಎಂಬ ಮುದ್ರೆ ಇರುವ ಮರೀನ್ ಪ್ಲೈ ಕೇಳಿ. ಅಗ್ಗದ ಪ್ಲೈ ಕೊಯ್ದರೆ ಪದರಗಳ ನಡುವೆ ಪೊಳ್ಳು ಕಾಣುತ್ತದೆ. ಅಂಥದ್ದು ಕಪಾಟು ಮಾಡಲು ಇರಲಿ.

4. ಅಚ್ಚು

ಕಾಗದದ ನಕ್ಷೆಯನ್ನು ನೇರ ಮರಕ್ಕೆ ಅಂಟಿಸಬೇಡಿ. ಮೊದಲು ರಟ್ಟಿಗೋ 3 ಮಿ.ಮೀ. ಎಂಡಿಎಫ್ (ಮರದ ನಾರು ಒತ್ತಿ ಮಾಡಿದ) ಹಾಳೆಗೋ ಅಂಟಿಸಿ ಕತ್ತರಿಸಿ. ಈ ಅಚ್ಚನ್ನು ಹಲಗೆಯ ಮೇಲೆ ಆಚೀಚೆ ಸರಿಸಿ, ಗಂಟು ತಪ್ಪಿಸಿ, ಮರದ ಎಳೆಯ ದಿಕ್ಕು ನೋಡಿ ಗೆರೆ ಹಾಕಬಹುದು. ಕಾಲಿನ ಎಳೆ ಉದ್ದುದ್ದಕ್ಕೆ ಓಡಬೇಕು. ತಲೆಯ ತುಂಡಿನಲ್ಲಿ ಎಳೆ ಕತ್ತಿನ ಉದ್ದಕ್ಕೆ ಓಡಿದರೆ ಕತ್ತು ಗಟ್ಟಿ, ಆದರೆ ಕಿವಿ ಅಥವಾ ಮೂತಿ ಮುರಿಯುವ ಸಂಭವ. ಕಿವಿಯನ್ನು ಮೊಂಡಾಗಿ, ಗಿಡ್ಡವಾಗಿ ಬಿಡಿಸಿ, ಮೂತಿ ಅಗಲವಾಗಿರಲಿ. ಮಗು ಹಿಡಿದೆಳೆಯುವುದು ಕಿವಿಯನ್ನೇ.

5. ತೂಗುಪಟ್ಟಿ

ಇಲ್ಲಿ ಸ್ವಲ್ಪ ಲೆಕ್ಕ ಬೇಕು. ಕುದುರೆಯೂ ಸವಾರನೂ ಸೇರಿ ಒಟ್ಟು ಭಾರದ ನಡುಬಿಂದು ನೆಲದಿಂದ ಎಷ್ಟು ಎತ್ತರದಲ್ಲಿದೆಯೋ, ಪಟ್ಟಿಯ ತ್ರಿಜ್ಯ ಅದಕ್ಕಿಂತ ಹೆಚ್ಚಿರಲೇಬೇಕು. ಕಡಿಮೆಯಾದರೆ ಕುದುರೆ ವಾಪಸು ಬಾರದೆ ಮಗುಚುತ್ತದೆ. ಸೀಟು 30 ಸೆಂ.ಮೀ. ಇದ್ದು ಮಗು ಕೂತಾಗ ಆ ನಡುಬಿಂದು ಸುಮಾರು 45 ಸೆಂ.ಮೀ. ಎತ್ತರಕ್ಕೆ ಬರುತ್ತದೆ, ಸೀಟಿನ ಮೇಲೆ ಎದ್ದು ನಿಂತರೆ ಇನ್ನೂ ಮೇಲೇರುತ್ತದೆ. ಮಕ್ಕಳು ಎದ್ದು ನಿಲ್ಲುತ್ತಾರೆ, ನಿಲ್ಲುವುದಿಲ್ಲ ಎಂದುಕೊಂಡು ಲೆಕ್ಕ ಹಾಕಬೇಡಿ. ಈ ವಯಸ್ಸಿಗೆ ನಾನು ಆರಿಸುವುದು 100 ಸೆಂ.ಮೀ. ತ್ರಿಜ್ಯ, 80 ಸೆಂ.ಮೀ. ಉದ್ದ. ಆಗ ಪಟ್ಟಿಯ ತುದಿಗಳು ನೆಲದಿಂದ 8 ಸೆಂ.ಮೀ.ಗಿಂತ ತುಸು ಮೇಲಿರುತ್ತವೆ. ಪಟ್ಟಿಯ ಅಗಲ 5 ಸೆಂ.ಮೀ. ಎಂದರೆ ಕೊಯ್ಯಲು 14 ಸೆಂ.ಮೀ. ಅಗಲದ ಹಲಗೆ ಬೇಕು. 6 ಇಂಚಿನದು ತಂದರೆ ಧಾರಾಳ. ತ್ರಿಜ್ಯ 80 ಸೆಂ.ಮೀ.ಗಿಂತ ಕಡಿಮೆ ಇರುವ ನಕ್ಷೆ ನಿಮ್ಮ ಕೈಯಲ್ಲಿದ್ದರೆ ಪಟ್ಟಿಯನ್ನು ಮಾತ್ರ ಇದಕ್ಕೆ ಬದಲಿಸಿಕೊಳ್ಳಿ.

ಬಾಗು ಎಳೆಯಲು ದಾರ ಕಟ್ಟಿದ ಪೆನ್ಸಿಲ್ ಬೇಡ. ದಾರ ಹಿಗ್ಗುತ್ತದೆ, ಗೆರೆ ಅಂಕುಡೊಂಕಾಗುತ್ತದೆ. ಒಂದು ಮೀಟರಿಗಿಂತ ಉದ್ದದ ತೆಳ್ಳನೆಯ ರೀಪಿನ ತುದಿಗೆ ಮೊಳೆ, ಅಲ್ಲಿಂದ 100 ಸೆಂ.ಮೀ.ಗೆ ಪೆನ್ಸಿಲ್ ತೂರುವಷ್ಟು ತೂತು, 95 ಸೆಂ.ಮೀ.ಗೆ ಇನ್ನೊಂದು ತೂತು. ಹಲಗೆಯನ್ನು ನೆಲಕ್ಕೆ ಕದಲದಂತೆ ಒತ್ತಿಟ್ಟು ರೀಪನ್ನು ತಿರುಗಿಸಿದರೆ ಹೊರಬಾಗು, ಒಳಬಾಗು ಎರಡೂ ಒಟ್ಟಿಗೆ ಬರುತ್ತವೆ.

ಈಗ ಪ್ಲೈವುಡ್ ಏಕೆಂದರೆ: ಗಟ್ಟಿಮರದ ನೇರ ಹಲಗೆಯಿಂದ ಬಾಗಿದ ಪಟ್ಟಿ ಕೊಯ್ದಾಗ ಎರಡೂ ತುದಿಯಲ್ಲಿ ಮರದ ಎಳೆ ಓರೆಯಾಗಿ ತುಂಡಾಗುತ್ತದೆ. ಕುದುರೆ ರಭಸದಿಂದ ತೂಗಿದಾಗ ಏಟು ಬೀಳುವುದು ಆ ತುದಿಗೇ, ಸೀಳುವುದೂ ಅಲ್ಲೇ. ಪ್ಲೈವುಡ್ಡಿನಲ್ಲಿ ಪದರಗಳು ಅಡ್ಡಡ್ಡಲಾಗಿ ಇರುವುದರಿಂದ ಈ ಭಯ ಕಡಿಮೆ. 18 ಮಿ.ಮೀ.ನ ಎರಡು ಪದರ ಅಂಟಿಸಿ 36 ಮಿ.ಮೀ. ಮಾಡಿ. ತೇಗವೇ ಬೇಕೆಂದರೆ ಗಂಟಿಲ್ಲದ ಹಲಗೆ ಆರಿಸಿ, ತುದಿಗಳನ್ನು ಚೂಪು ಮಾಡದೆ ದಪ್ಪಗೆ, ದುಂಡಗೆ ಬಿಡಿ.

ಗೆರೆಯಿಂದ 2 ಮಿ.ಮೀ. ಹೊರಗೆ ಕೊಯ್ಯಿರಿ. ಆಮೇಲೆ ಎರಡು ಪಟ್ಟಿಗಳನ್ನೂ ಒಟ್ಟಿಗೆ ಕ್ಲ್ಯಾಂಪ್ ಮಾಡಿ ಒಂದೇ ತುಂಡೆಂಬಂತೆ ಅರದಿಂದ, ಉಪ್ಪುಕಾಗದದಿಂದ ಗೆರೆಗೆ ತನ್ನಿ. ಬೇರೆ ಬೇರೆ ಉಜ್ಜಿದರೆ ಎಂದೂ ಒಂದೇ ಆಗುವುದಿಲ್ಲ, ಕುದುರೆ ಕುಂಟುತ್ತದೆ. ಬೆರಳ ತುದಿಯನ್ನು ಅಂಚಿನ ಮೇಲೆ ನಿಧಾನ ಜಾರಿಸಿ. ಕಣ್ಣಿಗೆ ಕಾಣದ ಉಬ್ಬು ಬೆರಳಿಗೆ ಸಿಗುತ್ತದೆ. ಬಳಿಕ ಸಪಾಟು ಕಲ್ಲಿನ ಮೇಲೆ ಸೀಮೆಸುಣ್ಣ ಬಳಿದು ಪಟ್ಟಿಯನ್ನು ಅದರ ಮೇಲೆ ತೂಗಿಸಿ. ಸುಣ್ಣ ಒಂದೇ ಸಮನೆ ಹತ್ತಿದರೆ ಬಾಗು ಸರಿ, ತುಂಡುತುಂಡಾಗಿ ಹತ್ತಿದರೆ ಹತ್ತಿದಲ್ಲಿ ಇನ್ನಷ್ಟು ಉಜ್ಜಿ.

6. ಉಳಿದ ತುಂಡುಗಳು

ಸೀಟಿಗೆ 45 ಸೆಂ.ಮೀ. ಉದ್ದ, 20 ಸೆಂ.ಮೀ. ಅಗಲ. ನಾಲ್ಕು ಕಾಲು, ಸುಮಾರು 7–8 ಸೆಂ.ಮೀ. ಅಗಲ. ತಲೆ ಮತ್ತು ಕತ್ತು ಒಂದೇ ತುಂಡು. ಬೆನ್ನಿಗೆ ಆನಿಕೆ: ಎರಡು ವರ್ಷದೊಳಗಿನ ಮಗುವಿಗಾದರೆ ಇದನ್ನು ಬಿಡಲೇಬಾರದು. ತೂಗುಪಟ್ಟಿಗಳನ್ನು ಹಿಡಿದಿಡಲು ಮೂರು ಅಡ್ಡಪಟ್ಟಿ, ಅವುಗಳಲ್ಲಿ ಒಂದನ್ನು ಕಾಲಿಡಲು ಬರುವಂತೆ ಮುಂದಿಡಿ. ಹಿಡಿಕೆಗೆ 25 ಮಿ.ಮೀ. ದಪ್ಪದ ದುಂಡುಕೋಲು, 26 ಸೆಂ.ಮೀ. ಉದ್ದ.

ಎರಡು ತೂಗುಪಟ್ಟಿಗಳ ಹೊರ ಅಂಚಿನಿಂದ ಹೊರ ಅಂಚಿಗೆ 36 ಸೆಂ.ಮೀ.ಗಿಂತ ಕಡಿಮೆಯಾಗಬಾರದು. ಸೀಟು ಕಿರಿದು, ಕೆಳಗೆ ಅಗಲ. ಅಂದರೆ ಕಾಲುಗಳು 8–10 ಡಿಗ್ರಿ ಹೊರಚಾಚುತ್ತವೆ. ಈ ಓರೆಯನ್ನು ರಟ್ಟಿನಲ್ಲಿ ಕತ್ತರಿಸಿಟ್ಟುಕೊಂಡು ನಾಲ್ಕೂ ಕಾಲಿಗೆ ಅದನ್ನೇ ಬಳಸಿ.

ತೂತು, ಸಂದುಗಳ ವಿಷಯದಲ್ಲಿ ಒಂದು ನಿಯಮ: 5 ಮಿ.ಮೀ.ಗಿಂತ ಕಿರಿದಾಗಿರಲಿ, ಇಲ್ಲವೇ 12 ಮಿ.ಮೀ.ಗಿಂತ ಅಗಲವಾಗಿರಲಿ. ನಡುವಿನ ಅಳತೆಯಲ್ಲಿ ಪುಟ್ಟ ಬೆರಳು ಸಿಕ್ಕಿಕೊಳ್ಳುತ್ತದೆ.

7. ಅಂಟಿಲ್ಲದೆ ಒಮ್ಮೆ ನಿಲ್ಲಿಸಿ

ಮೂಗು ತಗ್ಗಿಸುವ ಕುದುರೆಗೆ ಮದ್ದು ಇಲ್ಲಿದೆ. ಎಲ್ಲವನ್ನೂ ಕ್ಲ್ಯಾಂಪಿನಿಂದ, ಅಲ್ಲಲ್ಲಿ ಒಂದೊಂದು ಸ್ಕ್ರೂನಿಂದ ತಾತ್ಕಾಲಿಕವಾಗಿ ಹಿಡಿಸಿ ಸಪಾಟು ನೆಲದ ಮೇಲಿಡಿ. ಖಾಲಿ ಕುದುರೆ ಮಟ್ಟಸವಾಗಿ ಅಥವಾ ಮೂಗು ಚೂರು ಮೇಲೆತ್ತಿ ನಿಲ್ಲಬೇಕು. ತಲೆ ಭಾರವಾಗಿ ಮುಂದಕ್ಕೆ ಬಾಗಿದ್ದರೆ, ಕಾಲು ಸಮೇತ ಇಡೀ ಮೈಯನ್ನು ತೂಗುಪಟ್ಟಿಯ ಮೇಲೆ ಹಿಂದಕ್ಕೆ ಸರಿಸಿ. ಮೇಲೆ ಹೇಳಿದ ಅಳತೆಯಲ್ಲಿ 2 ಸೆಂ.ಮೀ. ಸರಿಸಿದರೆ ಸುಮಾರು 2 ಡಿಗ್ರಿ ವ್ಯತ್ಯಾಸ ಬರುತ್ತದೆ. ನಂತರ ಮಗು ಕೂರುವ ಜಾಗದಲ್ಲಿ 10 ಕೆ.ಜಿ. ಅಕ್ಕಿ ಚೀಲ ಇಟ್ಟು ಮತ್ತೆ ನೋಡಿ. ಸರಿಯೆನಿಸಿದ ಮೇಲೆ ಪ್ರತಿ ಸಂದಿಗೂ ಪೆನ್ಸಿಲ್ ಗುರುತು, ನಂಬರು ಹಾಕಿ ಬಿಚ್ಚಿ. ನಕ್ಷೆಯಲ್ಲಿ ಕಾಲಿನ ಜಾಗ ಎಷ್ಟೇ ಖಚಿತವಾಗಿ ತೋರಿಸಿದ್ದರೂ ಈ ಹಂತ ಬಿಡಬೇಡಿ. ನಕ್ಷೆ ಬರೆದವರ ಪೈನ್ ತಲೆಗೂ ನಿಮ್ಮ ತೇಗದ ತಲೆಗೂ ತೂಕ ಒಂದೇ ಅಲ್ಲ.

8. ಅಂಟು, ಸ್ಕ್ರೂ

ನೀರು ತಡೆಯುವ ಬಿಳಿ ಅಂಟು ಸಾಕು, ಫೆವಿಕಾಲ್ ಮರೀನ್‌ನಂಥದ್ದು. ಎರಡೂ ಮುಖಕ್ಕೆ ತೆಳ್ಳಗೆ ಸವರಿ, ಕ್ಲ್ಯಾಂಪ್ ಬಿಗಿದು, ಹೊರಬಂದ ಅಂಟನ್ನು ಒದ್ದೆ ಬಟ್ಟೆಯಲ್ಲಿ ಆಗಲೇ ಒರೆಸಿ. ಒಣಗಿದ ಅಂಟಿನ ಮೇಲೆ ಪಾಲಿಶ್ ಹಿಡಿಯುವುದಿಲ್ಲ, ಬಿಳಿ ಮಚ್ಚೆ ಉಳಿಯುತ್ತದೆ. ರಾತ್ರಿಯಿಡೀ ಬಿಡಿ.

8 ನಂಬರಿನ 50 ಮಿ.ಮೀ. ಸ್ಕ್ರೂಗೆ ಮೊದಲು 3 ಮಿ.ಮೀ. ತೂತು ಕೊರೆಯಿರಿ, ಇಲ್ಲದಿದ್ದರೆ ಅಂಚು ಸೀಳುತ್ತದೆ. ಪ್ಲೈವುಡ್ಡಿನ ಅಂಚಿನೊಳಕ್ಕೆ, ಹಲಗೆಯ ತಲೆಗಡೆಯೊಳಕ್ಕೆ (ಎಳೆ ತುಂಡಾಗಿ ಕಾಣುವ ತುದಿಯೊಳಕ್ಕೆ) ನೇರ ಸ್ಕ್ರೂ ಹೊಡೆದರೆ ಹಿಡಿತ ಬರುವುದಿಲ್ಲ. ಒಳಮೂಲೆಗೆ 30 ಮಿ.ಮೀ. ಚೌಕದ ರೀಪು ಅಂಟಿಸಿ, ಅದಕ್ಕೆ ಸ್ಕ್ರೂ ಕೊಡಿ. ಸ್ಕ್ರೂ ತಲೆ ಮರದೊಳಗೆ ಹುದುಗಬೇಕು, ಮೇಲೆ ಮರದ ಬಿರಡೆ. ಮೊಳೆ ಎಲ್ಲೂ ಬೇಡ. ತೂಗಾಟಕ್ಕೆ ಮೊಳೆ ತಾನಾಗಿ ಮೇಲೇಳುತ್ತದೆ.

ಹಿಡಿಕೆಯ ಕೋಲನ್ನು ತಲೆಯ ತೂತಿನಲ್ಲಿ ಅಂಟಿಸುವುದಷ್ಟೇ ಅಲ್ಲದೆ, ಮೇಲಿನಿಂದ ಒಂದು ಸಣ್ಣ ಮರದ ಗೂಟ ಇಳಿಸಿ. ಇಲ್ಲವಾದರೆ ಒಂದು ದಿನ ಅದು ಮಗುವಿನ ಕೈಗೆ ಬರುತ್ತದೆ. ತೂಗುಪಟ್ಟಿಯ ಎರಡೂ ತುದಿಯ ಅಡಿಗೆ, ಅಂಚಿನಿಂದ 3–4 ಸೆಂ.ಮೀ. ಒಳಗೆ, ಕೆಳಕ್ಕೆ ಚಾಚುವಂತೆ ಸಣ್ಣ ಮರದ ತಡೆ ಜೋಡಿಸಿ. ಜೋರಾಗಿ ತೂಗಿದರೆ ಇದು ನೆಲಕ್ಕೆ ತಾಗಿ ಕುದುರೆಯನ್ನು ತಡೆಯುತ್ತದೆ.

9. ಉಜ್ಜುವುದು, ಪಾಲಿಶ್

80, 120, 220 ಈ ಕ್ರಮದಲ್ಲಿ ಉಪ್ಪುಕಾಗದ, ಯಾವಾಗಲೂ ಎಳೆಯ ಉದ್ದಕ್ಕೆ. ಮುಟ್ಟುವ ಎಲ್ಲ ಅಂಚುಗಳೂ ದುಂಡಗಾಗಬೇಕು. ಹಳೆಯ ನೈಲಾನ್ ಕಾಲ್ಚೀಲವನ್ನು ಕೈಗೆ ತೊಟ್ಟು ಇಡೀ ಕುದುರೆಯನ್ನು ಸವರಿ; ಎಲ್ಲಿ ಎಳೆ ಸಿಕ್ಕಿಕೊಳ್ಳುತ್ತದೋ ಅಲ್ಲಿ ಸಿಬಿರಿದೆ.

ಮಕ್ಕಳು ಹಿಡಿಕೆ ಕಚ್ಚುತ್ತಾರೆ ಎಂದು ಲೆಕ್ಕವಿಟ್ಟುಕೊಂಡೇ ಪಾಲಿಶ್ ಆರಿಸಿ. ಅರಗಿನ ಹಳಕುಗಳನ್ನು ಸ್ಪಿರಿಟ್‌ನಲ್ಲಿ ಕರಗಿಸಿ ಬಟ್ಟೆಯಿಂದ ತೆಳುವಾಗಿ ಮೂರ್ನಾಲ್ಕು ಸಲ ಹಚ್ಚುವುದು ನನ್ನ ಮೆಚ್ಚಿನ ದಾರಿ. ನೀರು ನಿಂತರೆ ಬೆಳ್ಳಗಾಗುತ್ತದೆ ಎಂಬುದೊಂದೇ ಕೊರತೆ, ಮತ್ತೆ ಹಚ್ಚಿದರಾಯಿತು. ಬಣ್ಣ ಬೇಕೆಂದರೆ ನೀರಿನಲ್ಲಿ ಕಲಸುವ, ಸೀಸರಹಿತ ಎಂದು ಡಬ್ಬಿಯ ಮೇಲೆ ನಮೂದಿಸಿರುವುದನ್ನೇ ತನ್ನಿ. ನಮ್ಮಲ್ಲಿ 2016ರ ನಿಯಮದಂತೆ ಮನೆಬಳಕೆಯ ಪೇಂಟಿನಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಪಾಲು ಮೀರುವಂತಿಲ್ಲ. ಅಟ್ಟದ ಮೇಲಿನ ಹಳೆ ಡಬ್ಬಿಗೆ ಆ ಖಾತರಿಯಿಲ್ಲ.

ಎಣ್ಣೆಗಳ ವಿಷಯದಲ್ಲಿ ಮೂರು ಎಚ್ಚರಿಕೆ. ಕೊಬ್ಬರಿ ಎಣ್ಣೆ, ಕಡಲೆಕಾಯಿ ಎಣ್ಣೆ ಮರದ ಮೇಲೆ ಗಟ್ಟಿಯಾಗುವುದಿಲ್ಲ, ಜಿಡ್ಡು ಹಿಡಿದು ಕಮಟುತ್ತದೆ. ಅಗಸೆ ಎಣ್ಣೆ ಒಣಗುತ್ತದೆ, ಆದರೆ ಅದನ್ನು ಒರೆಸಿದ ಬಟ್ಟೆಯನ್ನು ಮುದ್ದೆಮಾಡಿ ಎಸೆದರೆ ತಾನಾಗಿ ಬಿಸಿಯೇರಿ ಬೆಂಕಿ ಹತ್ತಬಹುದು. ಬಯಲಿನಲ್ಲಿ ಹರವಿ ಒಣಗಿಸಿ. ಕರಾವಳಿಯವರಿಗೆ ವಿಶೇಷವಾಗಿ ಹೇಳುತ್ತೇನೆ: ಪಕಾಸಿಗೆ (ಮಾಡಿನ ಮರಕ್ಕೆ) ಬಳಿಯುವ ಗೇರೆಣ್ಣೆ ಹುಳ ತಡೆಯುತ್ತದೆಂದು ಕುದುರೆಗೆ ಬಳಿಯಲೇಬೇಡಿ. ಚರ್ಮಕ್ಕೆ ತಾಗಿದರೆ ಬೊಕ್ಕೆ ಏಳುತ್ತದೆ.

ಕಣ್ಣಿಗೆ ಗುಂಡಿ, ಮಣಿ ಬೇಡ. ಕಿತ್ತು ಬಾಯಿಗೆ ಹಾಕಿಕೊಂಡರೆ ಕಷ್ಟ. ಬಣ್ಣದಲ್ಲೇ ಬಿಡಿಸಿ. ಬಾಲ, ಕೇಸರಕ್ಕೆ ಗಿಡ್ಡವಾದ ಹತ್ತಿಹಗ್ಗ, ಅದೂ ತೂತಿಗೆ ಇಳಿಸಿ ಅಂಟು ಮತ್ತು ಗೂಟದಿಂದ ಭದ್ರ ಮಾಡಿ.

10. ಸವಾರ ಏರುವ ಮೊದಲು

25 ಕೆ.ಜಿ. ಅಕ್ಕಿ ಮೂಟೆಯನ್ನು ಸೀಟಿಗೆ ಕಟ್ಟಿ ಚೆನ್ನಾಗಿ ತೂಗಿಸಿ, ಪಕ್ಕಕ್ಕೂ ನೂಕಿ. ಕಿರ್ ಎನ್ನುವ ಸಂದು ಯಾವುದೆಂದು ಕಿವಿಗೊಟ್ಟು ಹುಡುಕಿ. ಟೈಲ್ಸ್ ನೆಲದ ಮೇಲೆ ಕುದುರೆ ತೂಗುತ್ತಾ ತೂಗುತ್ತಾ ಜಾರಿ ಗೋಡೆ ಮುಟ್ಟುತ್ತದೆ. ಹಳೆಯ ಸೈಕಲ್ ಟ್ಯೂಬನ್ನು ಉದ್ದಕ್ಕೆ ಸೀಳಿ ಪಟ್ಟಿಯ ಅಡಿಗೆ ಅಂಟಿಸಿದರೆ ಜಾರುವುದಿಲ್ಲ, ನೆಲಕ್ಕೆ ಗೀರೂ ಬೀಳುವುದಿಲ್ಲ. ಮೆಟ್ಟಿಲು, ಗಾಜಿನ ಟೀಪಾಯಿಯಿಂದ ದೂರವಿಡಿ. ಮೊದಮೊದಲು ದೊಡ್ಡವರು ಪಕ್ಕದಲ್ಲಿರಬೇಕು. ಮಳೆಗಾಲ ಕಳೆದ ಮೇಲೆ ವರ್ಷಕ್ಕೊಮ್ಮೆ ಸ್ಕ್ರೂಗಳನ್ನು ಬಿಗಿ ಮಾಡಿ.

ಮಾರಬಹುದೇ?

ಒಂದು ಮಾಡಿ ಕೈ ಕುದುರಿದವರು ಕೇಳುವ ಪ್ರಶ್ನೆ ಇದು. ಮನೆಯ ಮಗುವಿಗೆ ಮಾಡಿಕೊಳ್ಳಲು ಯಾರ ಅನುಮತಿಯೂ ಬೇಡ. ಮಾರುವುದಾದರೆ, 2021ರ ಜನವರಿ 1ರಿಂದ ಆಟಿಕೆಗಳಿಗೆ ಬಿಐಎಸ್ (ಭಾರತೀಯ ಮಾನಕ ಬ್ಯೂರೊ) ಗುಣಮಟ್ಟದ ಐಎಸ್‌ಐ ಮುದ್ರೆ ಕಡ್ಡಾಯ. ಕರಕುಶಲ ಅಭಿವೃದ್ಧಿ ಆಯುಕ್ತರ ಕಚೇರಿಯಲ್ಲಿ ನೋಂದಾಯಿಸಿದ ಕುಶಲಕರ್ಮಿಗಳು ತಾವೇ ಮಾಡಿ ಮಾರುವ ಆಟಿಕೆಗಳಿಗೆ ಇದರಿಂದ ವಿನಾಯಿತಿ ಇದೆ. ಜೊತೆಗೆ ದುಡ್ಡು ಕೊಟ್ಟು ಕೊಂಡ ನಕ್ಷೆಯ ಷರತ್ತನ್ನೂ ಓದಿ. ಅನೇಕ ನಕ್ಷೆಗಳನ್ನು ಸ್ವಂತ ಬಳಕೆಗೆ ಮಾತ್ರ ಕೊಟ್ಟಿರುತ್ತಾರೆ, ಅದನ್ನು ನೋಡಿ ಮಾಡಿದ ಕುದುರೆಯನ್ನು ಮಾರಲು ಬರೆದವರ ಒಪ್ಪಿಗೆ ಬೇಕಾಗುತ್ತದೆ.